ಹಲಸಿನಮರದ ಏರು

ಹಲಸಿನಮರದ ಏರಿಗೆ ಬಂದ ಕಾರು ಎರಡು ಸಲ ಕೆಮ್ಮಿತು, ಒಮ್ಮೆ ಮುಗ್ಗರಿಸಿತು, ಆಮೇಲೆ ನಿಂತೇಹೋಯಿತು. ವಿಶಾಲಾಕ್ಷಮ್ಮ ಹ್ಯಾಂಡ್‌ಬ್ರೇಕ್ ಎಳೆದಳು. ಹಿಂದಿನ ಸೀಟಿನಲ್ಲಿದ್ದ ಉಪ್ಪಿನಕಾಯಿ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದು ಸುಮ್ಮನಾದವು. ಪಕ್ಕದಲ್ಲಿ ಕೂತಿದ್ದ ಅವಳ ಗಂಡ ಸಣ್ಣಸ್ವಾಮಿ, ತನ್ನ ಕಡೆ ಇಲ್ಲವೇ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತಿ ಹಿಡಿದಿದ್ದ.

"ಕ್ಲಚ್ ಮೇಲೆ ಕಾಲು ಇಟ್ಕಂಡೇ ಏರು ಹತ್ತುಸ್ತೀಯ. ಎಂಜಿನ್ ತಾನೆ ಏನ್ ಮಾಡಾತು?" ಅಂದ.

"ಕಾಲು ತೆಗ್ದೇ ಇದ್ದೆ ಕಣ್ರೀ. ಆಕ್ಸಿಲರೇಟರ್ ತುಳಿದ್ರೂ ಇದ್ರ ಹೊಟ್ಟೆಗೆ ಏನೂ ಹೋಗ್ದಂಗೆ ಆಯ್ತದೆ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

ಈ ಗಾದೆಯನ್ನು ವಿಶಾಲಾಕ್ಷಮ್ಮ ಜೂನ್ ತಿಂಗಳಿಂದ ಪ್ರತಿ ಶನಿವಾರ, ಇದೇ ತಿರುವಿನಲ್ಲಿ, ಇದೇ ಬಾಯಿಂದ ಕೇಳುತ್ತಿದ್ದಳು. ಕುಶಾಲನಗರದ ಪಕ್ಕದ ಅವರ ಊರಿನಿಂದ ಹೊರಟ ಕಾರು ಮುಕ್ಕಾಲು ಗಂಟೆ ಚೆನ್ನಾಗಿಯೇ ಓಡುತ್ತದೆ. ಈ ಏರಿಗೆ ಬಂದರೆ ಮುಷ್ಕರ. ಕಾಲು ಗಂಟೆ ಸುಮ್ಮನೆ ಬಿಟ್ಟರೆ, ಏನೂ ಆಗೇ ಇಲ್ಲ ಎನ್ನುವಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಅಷ್ಟರಲ್ಲಿ ಶನಿವಾರಸಂತೆಯ ಸಂತೆಯಲ್ಲಿ ಅವಳ ಜಾಗಕ್ಕೆ ಒಣಮೀನಿನವನು ಬಂದು ಚೀಲ ಹಾಸಿರುತ್ತಾನೆ. ಒಣಮೀನಿನ ಪಕ್ಕ ನಿಂಬೆಕಾಯಿ ಉಪ್ಪಿನಕಾಯಿಯನ್ನು ಯಾರು ಮೂಸಿ ನೋಡುತ್ತಾರೆ?

ಕಾರು ದೊಡ್ಡದೇನಲ್ಲ. ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಎಂಟುನೂರಕ್ಕೆ ನಾಲ್ಕು ಕಮ್ಮಿ ಸಿಸಿ, ನಾಲ್ಕೇ ಗೇರು, ಕಾರ್ಬುರೇಟರು. ಅದರ ಓರಗೆಯ ಕಾರುಗಳೆಲ್ಲ ಗುಜರಿ ಸೇರಿ ಎಷ್ಟೋ ಕಾಲವಾಗಿದೆ. ಪಾಲಿಬೆಟ್ಟದ ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರ್ ನಿವೃತ್ತನಾಗುವಾಗ ಮಾರಿದ್ದನ್ನು ನಾಲ್ಕು ವರ್ಷದ ಹಿಂದೆ ವಿಶಾಲಾಕ್ಷಮ್ಮ ಕೊಂಡಿದ್ದಳು. ಆಗ ಅವಳಿಗೆ ಐವತ್ತನಾಲ್ಕು. ಡ್ರೈವಿಂಗ್ ಸ್ಕೂಲಿನಲ್ಲಿ ಜೊತೆಗೆ ಕಲಿಯುತ್ತಿದ್ದವರೆಲ್ಲ ಕಾಲೇಜು ಹುಡುಗಿಯರು. ಅವರು ಆಂಟಿ ಎಂದು ಕರೆದರೂ, ರಿವರ್ಸ್ ತೆಗೆಯುವುದನ್ನು ಅವರಿಗಿಂತ ಮೊದಲು ಕಲಿತಳು.

ಸಣ್ಣಸ್ವಾಮಿಗೆ ಇದು ಹಿಡಿಸಿರಲಿಲ್ಲ. ಅವನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಒಂದು ನಾಯಿಗೂ ತಾಗಿಸದೆ ರಿಟೈರ್ ಆದವನೆಂದು ಡಿಪೋದವರು ಹಾರ ಹಾಕಿ ಕಳಿಸಿದ್ದರು. ಬೇರೆಯವರು ಓಡಿಸುವ ವಾಹನದಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ಕಂಡವರಿಲ್ಲ. ಧರ್ಮಸ್ಥಳಕ್ಕೆ ಹೋದರೂ ಬಸ್ಸಿನ ಮುಂದಿನ ಸೀಟೇ ಬೇಕು, ಚಾರ್ಮಾಡಿ ಘಾಟಿಯುದ್ದಕ್ಕೂ ಬ್ರೇಕು ಒತ್ತುತ್ತಲೇ ಇರಬೇಕು. ಹೆಂಡತಿಯ ಕಾರಿನಲ್ಲಂತೂ ಒತ್ತೀ ಒತ್ತೀ ಎಡಗಡೆಯ ಮ್ಯಾಟಿನಲ್ಲಿ ಹಿಮ್ಮಡಿಯಗಲದ ತೂತು ಬಿದ್ದಿತ್ತು.

ಮೆಕ್ಯಾನಿಕ್ ಕೂಸಪ್ಪನ ಹತ್ತಿರ ಕಾರು ನಾಲ್ಕು ಸಲ ಹೋಗಿತ್ತು. ಅವನು ಪ್ಲಗ್ ತೊಳೆದ, ಪಾಯಿಂಟ್ ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ಸಾಸಿವೆ ತೂತಿನ ಜೆಟ್ಟುಗಳಿಗೆಲ್ಲ ಗಾಳಿ ಊದಿದ, ಕಡೆಗೆ ಪೆಟ್ರೋಲ್ ಪಂಪೂ ಹೊಸದಾಯಿತು. ಪ್ರತಿ ಸಲವೂ ತಾನೇ ಹತ್ತು ನಿಮಿಷ ರೋಡಿಗೆ ಹೊಡೆದು ನೋಡುತ್ತಿದ್ದ. ಅವನ ಕೈಯಲ್ಲಿ ಕಾರು ಹೊಸ ಸೊಸೆಯಷ್ಟು ವಿನಯದಿಂದ ಓಡುತ್ತಿತ್ತು.

"ಎಂಜಿನ್ನಲ್ಲಿ ಎಂತದೂ ಇಲ್ಲ ಅಮ್ಮ," ಎಂದು ನಾಲ್ಕನೇ ಸಲ ಅವನು ತಲೆ ಕೆರೆದುಕೊಂಡಿದ್ದ. ಸಣ್ಣಸ್ವಾಮಿ ಹೆಂಡತಿಯ ಮುಖ ನೋಡಿದ್ದ. ಎಂಜಿನ್ನಲ್ಲಿ ಇಲ್ಲವೆಂದರೆ ಇನ್ನೆಲ್ಲಿದೆ ಎಂದು ಬಾಯಿಬಿಟ್ಟು ಹೇಳಬೇಕೆ?

ಆ ಶನಿವಾರ ಸಂತೆಯಿಂದ ಅರ್ಧಕ್ಕರ್ಧ ಬಾಟಲಿಗಳು ಹಾಗೇ ವಾಪಸ್ಸು ಬಂದವು. ಊಟಕ್ಕೆ ಕೂತಾಗ ಸಣ್ಣಸ್ವಾಮಿ ತೀರ್ಪು ಕೊಟ್ಟ.

"ಬರೋ ವಾರದಿಂದ ನಾನೇ ಓಡುಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೊ. ಆವಾಗ್ಲೂ ನಿಂತ್ರೆ ಗುಜರಿಗೆ. ನಿಲ್ಲಲಿಲ್ಲ ಅಂದ್ರೆ..." ಅವನು ಸಾರು ಬಡಿಸಿಕೊಂಡ. "ನಿಲ್ಲಲಿಲ್ಲ ಅಂದ್ರೆ ನೀನೇ ಲೆಕ್ಕ ಹಾಕ್ಕೊ."

ವಿಶಾಲಾಕ್ಷಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. ಉಪ್ಪಿನಕಾಯಿ ಮಾರದಿದ್ದರೆ ಹೋಗಲಿ. ಬೆಳಿಗ್ಗೆ ಆರಕ್ಕೆ ಕೀ ತಿರುಗಿಸಿ, ಚೋಕ್ ಎಳೆದು, ಎಂಜಿನ್ನು ಬಿಸಿಯಾಗುವವರೆಗೆ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂರುವ ಆ ಎರಡು ನಿಮಿಷ ಇತ್ತಲ್ಲ, ಇಡೀ ವಾರದಲ್ಲಿ ಅವಳಿಗೆಂದೇ ಇದ್ದದ್ದು ಅಷ್ಟು. ಅದು ಹೋಗುತ್ತದೆಂದು ನೆನೆದು ಅವಳಿಗೆ ಅಳುವೇ ಬಂತು. ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದಳು.

ಬುಧವಾರ ಯಾರಿಗೂ ಹೇಳದೆ ಕೂಸಪ್ಪನಿಗೆ ಫೋನ್ ಮಾಡಿದಳು. "ಕೂಸಪ್ಪ, ನೀನು ಓಡ್ಸಿ ನೋಡಿದ್ದು ಸಾಕು. ನಾನು ಓಡುಸ್ತೀನಿ, ನೀನು ಹಿಂದೆ ಕೂತ್ಕೊ. ತಪ್ಪು ನಂದೇ ಆದ್ರೆ ನನ್ ಮುಖಕ್ಕೇ ಹೇಳು."

ಹೀಗಾಗಿ ಗುರುವಾರ ಮೂವರೂ ಹೊರಟರು. ಬೇಡ ಬೇಡವೆನ್ನುತ್ತಲೇ ಸಣ್ಣಸ್ವಾಮಿ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸೀಟಿನಲ್ಲಿ ಕೂತಿದ್ದ. ಹಿಂದೆ ಸ್ಪ್ಯಾನರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂಸಪ್ಪ. ವಿಶಾಲಾಕ್ಷಮ್ಮ ಪರೀಕ್ಷೆಗೆ ಕೂತವಳ ಹಾಗೆ ಗೇರು ಬದಲಿಸಿದಳು. ಮಳೆ ಆಗಷ್ಟೇ ನಿಂತು ರಸ್ತೆ ಹೊಳೆಯುತ್ತಿತ್ತು. ಮುಕ್ಕಾಲು ಗಂಟೆ ಕಳೆಯಿತು, ಹಲಸಿನಮರ ಕಂಡಿತು. ಕಾರು ಕೆಮ್ಮಿತು, ಮುಗ್ಗರಿಸಿತು, ನಿಂತಿತು.

"ನೋಡಿದ್ಯೇನಪ್ಪ?" ಅಂದ ಸಣ್ಣಸ್ವಾಮಿ.

"ನೋಡಿದೆ ಸ್ವಾಮಿ. ಅಮ್ಮನ ಕ್ಲಚ್ಚಲ್ಲಿ ತಪ್ಪಿಲ್ಲ," ಎಂದು ಕೂಸಪ್ಪ ಇಳಿದ. ಬಾನೆಟ್ ಎತ್ತಿ ಪೆಟ್ರೋಲ್ ಪೈಪು ಬಿಚ್ಚಿದ. ಪೈಪು ಒಣಗಿತ್ತು. ಅರ್ಧ ಟ್ಯಾಂಕು ಪೆಟ್ರೋಲಿದೆ, ಹೊಸ ಪಂಪಿದೆ, ಪೈಪಿಗೆ ಮಾತ್ರ ಒಂದು ಹನಿ ಬರುತ್ತಿಲ್ಲ. ಅವನು ಸ್ವಲ್ಪ ಹೊತ್ತು ಹಲಸಿನಮರವನ್ನೇ ನೋಡುತ್ತ ನಿಂತ. ಆಮೇಲೆ ಕೈ ಚಾಚಿದ. "ಟ್ಯಾಂಕಿನ ಮುಚ್ಚಳದ ಕೀ ಕೊಡಿ ಅಮ್ಮ."

ಆ ಕೀ ಅವಳ ಗೊಂಚಲಿನಲ್ಲೇ ಇರುವುದು. ಬಂಕಿನ ಹುಡುಗರ ಕೈಗೂ ಕೊಡದೆ ತಾನೇ ಇಳಿದು ಮುಚ್ಚಳ ತೆಗೆಯುವವಳು ಅವಳು. ಕೂಸಪ್ಪ ಕೀ ಹಾಕಿ ಮುಚ್ಚಳ ತಿರುಗಿಸಿದ್ದೇ ತಡ, ಟ್ಯಾಂಕು ಉಸ್ಸ್ ಎಂದು ಉದ್ದನೆಯ ಉಸಿರೆಳೆದುಕೊಂಡಿತು. ರಸ್ತೆಯಾಚೆ ಮೇಯುತ್ತಿದ್ದ ಹಸುವೂ ತಲೆಯೆತ್ತಿ ನೋಡಿತು.

ಮುಚ್ಚಳದ ಕೆಳಗೆ, ಟ್ಯಾಂಕಿನ ಬಾಯಿಗೆ ಬಿಗಿಯಾಗಿ ಅಂಟಿಕೊಂಡು ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಇತ್ತು. ಹಾಲಿನ ಪ್ಯಾಕೆಟ್ಟನ್ನು ತೊಳೆದು, ಒಣಗಿಸಿ, ಗುಂಡಗೆ ಕತ್ತರಿಸಿ ಮಾಡಿದ್ದು. ಕೂಸಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಗಟ್ಟಿಯಾಗಿ ನಕ್ಕ.

"ಮುಚ್ಚಳದಲ್ಲಿ ಒಂದು ಸಣ್ಣ ತೂತು ಉಂಟು ಮಾರಾಯ್ರೆ. ಪೆಟ್ರೋಲ್ ಹೊರಗೆ ಹೋದ ಹಾಗೆ ಅದರಲ್ಲಿ ಗಾಳಿ ಒಳಗೆ ಬರ್ಬೇಕು. ಗಾಳಿ ಬಾರದಿದ್ರೆ ಪಂಪ್ ಎಷ್ಟು ಎಳೆದ್ರೂ ಟ್ಯಾಂಕ್ ಬಿಟ್ಟುಕೊಡೋದಿಲ್ಲ. ಕಾಲು ಗಂಟೆ ನಿಂತ್ರೆ ಸಂದಿಯಲ್ಲಿ ಸ್ವಲ್ಪ ಗಾಳಿ ನುಸುಳ್ತದೆ, ಮತ್ತೆ ಓಡ್ತದೆ. ನಾನು ಹತ್ತು ನಿಮಿಷ ಓಡ್ಸಿದ್ರೆ ಇದು ಗೊತ್ತಾಗುದೆಲ್ಲಿಂದ? ಯಾರು ಇಟ್ಟದ್ದು ಇದನ್ನು?"

ವಿಶಾಲಾಕ್ಷಮ್ಮನ ಕಿವಿ ಬಿಸಿಯಾಯಿತು. ಮೇ ತಿಂಗಳ ಕೊನೆಯ ಮಳೆಗೆ ಟ್ಯಾಂಕಿಗೆ ನೀರು ಸೇರಿದೆಯೆಂದು ಇದೇ ಕೂಸಪ್ಪ ಹೇಳಿದ್ದ. ಮನೆಗೆ ಹೋಗಿ ಅವಳು ಬಾಟಲಿಗಳಿಗೆ ಮಾಡುವುದನ್ನೇ ಕಾರಿಗೂ ಮಾಡಿದ್ದಳು: ಬಾಯಿಗೆ ಒಂದು ಬಿಲ್ಲೆ, ಅದರ ಮೇಲೆ ಮುಚ್ಚಳ, ಬಿಗಿಯಾಗಿ. ಗಾಳಿ ಸೋಕಿದರೆ ಬೂಸಲು ಹಿಡಿಯುತ್ತದೆಂದು ಅವಳ ಅತ್ತೆ ಹೇಳಿಕೊಟ್ಟದ್ದು. ಮೂವತ್ತು ವರ್ಷದಲ್ಲಿ ಅವಳ ಒಂದು ಬಾಟಲಿಯೂ ಕೆಟ್ಟಿರಲಿಲ್ಲ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಬಿಲ್ಲೆಯನ್ನು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದಳು.

"ನಾನೇ ಕಣಯ್ಯ," ಅಂದ ಸಣ್ಣಸ್ವಾಮಿ.

ಕಾರಿನಿಂದ ಇಳಿದು ಬಂದು ಅವನೂ ಬಿಲ್ಲೆಯನ್ನು ನೋಡಿದ್ದ. ದಿನಾ ಊಟಕ್ಕೆ ಕೂತಾಗ ಉಪ್ಪಿನಕಾಯಿ ಬಾಟಲಿಯಿಂದ ಅವನೇ ಕಿತ್ತು ತಟ್ಟೆಯ ಪಕ್ಕ ಇಡುವ ಬಿಲ್ಲೆ ಅದು. ಅವನಿಗೆ ಗುರುತು ಸಿಗದಿರಲು ಸಾಧ್ಯವೇ ಇರಲಿಲ್ಲ.

"ನೀವಾ ಸ್ವಾಮಿ? ಮೂವತ್ತೊಂದು ವರ್ಷ ಸರ್ವೀಸು!"

"ಬಸ್ಸು ಡೀಸೆಲ್ಲು. ಇದು ಪೆಟ್ರೋಲು. ನೀರು ಸೇರ್ದೆ ಇರ್ಲಿ ಅಂತ ಇಟ್ಟೆ."

"ಮೂರು ತಿಂಗಳಿಂದ ಪಾಪ ಅಮ್ಮನ ಕ್ಲಚ್ಚಿಗೆ ಬಯ್ದದ್ದೇ ಬಯ್ದದ್ದು. ನೆಲ ಡೊಂಕೇ ಇತ್ತಲ್ಲ ಸ್ವಾಮಿ!"

"ಇತ್ತಪ್ಪ, ಇತ್ತು," ಅಂದ ಸಣ್ಣಸ್ವಾಮಿ, ಮರದ ಮೇಲಿನ ಹಲಸಿನಕಾಯಿ ಎಣಿಸುವವನ ಹಾಗೆ ನಿಂತು. ಕೂಸಪ್ಪ ವಾಪಸ್ಸು ಬರುವ ದಾರಿಯುದ್ದಕ್ಕೂ ನಕ್ಕ. ಸಂಜೆಯೊಳಗೆ ಇದು ಡಿಪೋದವರ ಕಿವಿಗೂ ಬೀಳುತ್ತದೆಂದು ಮೂವರಿಗೂ ಗೊತ್ತಿತ್ತು. ಬಿದ್ದೂ ಬಿತ್ತು. ಶುಕ್ರವಾರ ಟೀ ಅಂಗಡಿಯಲ್ಲಿ ಹಳೇ ಕಂಡಕ್ಟರ್ ನಂದೀಶ್ ತನ್ನ ಟೀ ಲೋಟದ ಮೇಲೆ ಪ್ಲಾಸ್ಟಿಕ್ ಮುಚ್ಚಿ, "ಗಾಳಿ ಬೇಕೋ ಬೇಡ್ವೋ, ಡ್ರೈವರ್ ಸಾಹೇಬ್ರು ಹೇಳ್ಬೇಕು" ಎಂದನಂತೆ. ಸಣ್ಣಸ್ವಾಮಿ ನಕ್ಕು ತನ್ನ ಟೀ ಕುಡಿದನಂತೆ.

ಶನಿವಾರ ಬೆಳಿಗ್ಗೆ ಆರಕ್ಕೆ ವಿಶಾಲಾಕ್ಷಮ್ಮ ಚೋಕ್ ಎಳೆದು ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಳು. ಸಣ್ಣಸ್ವಾಮಿ ತಾನೇ ಬಾಟಲಿಗಳನ್ನೆಲ್ಲ ಹಿಂದಿನ ಸೀಟಿಗೆ ತುಂಬಿಸಿ, ಗೋಣಿ ಮುಚ್ಚಿ, ಬಂದು ಎಡಗಡೆ ಕೂತ. ಊರಿನ ಗದ್ದೆಗಳು ದಾಟಿದವು, ಮುಸುಕಿನ ಜೋಳದ ಹೊಲಗಳು ಹಿಂದಾದವು. ಎರಡು ದಿನದಿಂದ ನುಂಗಿಕೊಂಡಿದ್ದನ್ನು ಅವಳು ಕೇಳಿಯೇಬಿಟ್ಟಳು.

"ಯಾಕಂಗ್ ಅಂದ್ರಿ ಅವ್ನ ಮುಂದೆ?"

"ಏನಂದೆ?"

"ನಾಟಕ ಬೇಡ ಅತ್ಲಾಗೆ. ಬಿಲ್ಲೆ ಯಾರ್ದು ಅಂತ ನಿಮ್ಗೆ ಗೊತ್ತು."

ಸಣ್ಣಸ್ವಾಮಿ ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸಿದ. "ನೋಡು, ನಾನೊಂದು ತಪ್ಪು ಮಾಡಿದ್ರೆ ಜನ ನಗ್ತಾರೆ, ನಾಕು ದಿನಕ್ಕೆ ಮರೀತಾರೆ. ನೀನು ಮಾಡಿದ್ರೆ, ಅವಳ ಕೈಯಿಂದ ಕೀ ಈಸ್ಕೊ ಅಂತಾರೆ." ಗಾಜನ್ನು ಇನ್ನೊಮ್ಮೆ ಒರೆಸಿ ಸೇರಿಸಿದ, "ಹಂಗನ್ನೋರಲ್ಲಿ ನಾನೇ ಮೊದಲ್ನೆಯೋನು. ಈಸ್ಕೊಂಡೇಬಿಡ್ತಿದ್ದೆ."

ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮನುಷ್ಯ ತಪ್ಪೊಪ್ಪಿಕೊಂಡದ್ದು ಇದೇ ಮೊದಲು, ಅದೂ ಎರಡು ತಪ್ಪು, ಅದರಲ್ಲಿ ಒಂದನ್ನು ಸುಳ್ಳೇ ಒಪ್ಪಿಕೊಂಡಿದ್ದ. ವಿಶಾಲಾಕ್ಷಮ್ಮ ಗೇರು ಬದಲಿಸಿದಳು.

ಹಲಸಿನಮರ ಬಂತು. ಅವಳು ಎರಡನೇ ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು, ಒಂದೇ ಹದಕ್ಕೆ ತುಳಿದಳು. ಮೂರು ಸಿಲಿಂಡರುಗಳೂ ಗುರುಗುಟ್ಟುತ್ತ ಎಳೆದವು. ಕಾರು ಕೆಮ್ಮಲಿಲ್ಲ. ಮರ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು, ತಿರುವು ಮುಗಿದು ಮೇಲಿನ ಸಮತಟ್ಟು ರಸ್ತೆ ಬೆಳಕಿಗೆ ತೆರೆದುಕೊಂಡಿತು.

"ನೋಡಿದ್ರಾ?" ಎಂದು ಅವಳು ತಿರುಗಿದಳು.

ಸಣ್ಣಸ್ವಾಮಿ ನೋಡಿರಲಿಲ್ಲ. ತಲೆಯನ್ನು ಕಿಟಕಿಗೆ ಆನಿಸಿ, ಬಾಯಿ ತುಸು ತೆರೆದು, ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು ನಿದ್ದೆ ಹೋಗಿದ್ದ. ಕೆಳಗೆ, ಮ್ಯಾಟಿನ ತೂತಿನ ಮೇಲೆ, ಅವನ ಚಪ್ಪಲಿಗಳು ಖಾಲಿಯಾಗಿ ಬಿದ್ದಿದ್ದವು.