ಗಡಿಗೆಯ ತಳದ ಒಂದು ಹಿಡಿ

ನಾನು ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾ. ಹುಳಿ ಹುಟ್ಟಿಸುವುದು ನನ್ನ ಕುಲಕಸುಬು. ನಿಮ್ಮ ಮನೆಯ ಹಾಲನ್ನು ಮೊಸರು ಮಾಡುವವರು ನನ್ನ ದಾಯಾದಿಗಳು. ನೀರಿನಲ್ಲಿರುವ ನಮ್ಮನ್ನು ಮಾತ್ರ ಯಾರೂ ಕೇಳಿದವರಿಲ್ಲ.

ತುಂಗಭದ್ರೆಯ ಹಿನ್ನೀರಿನಲ್ಲಿ, ಕೊಳೆಯುತ್ತಿದ್ದ ಜೊಂಡಿನ ದಂಟೊಂದರ ಮೇಲೆ ನಾನು ಹುಟ್ಟಿದೆ. ಹುಟ್ಟುವುದೆಂದರೇನು, ತಾಯಿ ಎರಡಾಗಿ ಒಡೆದಳು, ಅದರಲ್ಲೊಂದು ನಾನು. ನಮ್ಮಲ್ಲಿ ತಾಯಿಯ ಮುಖ ನೋಡಿದವರೇ ಇಲ್ಲ. ತಿಳಿನೀರು ನಮಗೆ ಉಪವಾಸದ ಊರು. ಕೊಳೆತ ಎಲೆ, ತಳದ ಕೆಸರು, ಮೀನಿನ ಕರುಳು, ಇಂಥ ಕಡೆಯೇ ನಮ್ಮ ಬಾಳು.

ಒಂದು ದಿನ ರೋಹು ಮೀನೊಂದು ಆ ದಂಟನ್ನು ನುಂಗಿತು. ಅದರ ಕರುಳಿನಲ್ಲಿ ಕೂತು, ಅದು ತಿಂದದ್ದರಲ್ಲೇ ಚೂರು ತಿಂದು, ಹುಳಿ ಬಿಡುತ್ತಿದ್ದೆ. ಆ ಹುಳಿಗೆ ರೋಗದ ಕ್ರಿಮಿಗಳು ಹತ್ತಿರ ಸುಳಿಯುತ್ತಿರಲಿಲ್ಲ. ಉಂಡ ಮನೆಗೆ ನನ್ನಿಂದಾದದ್ದು ಅಷ್ಟು.

ಆ ಮೀನು ಪಂಪಣ್ಣನ ಬಲೆಗೆ ಬಿತ್ತು. ದಡದಲ್ಲಿ ಅವನ ತಾಯಿ ಸುಂಕವ್ವ ಈಳಿಗೆ ಹಿಡಿದು ಕೂತಿದ್ದಳು. ಅವನ ಹೊಸ ಹೆಂಡತಿ ಹುಲಿಗೆಮ್ಮ ತಲೆ ತಗ್ಗಿಸಿ ನಿಂತಿದ್ದಳು. ಅವರ ಹೊಂಡದಲ್ಲಿ ಸಾಕಿದ ಮೀನುಮರಿಗಳು ವಾರದಿಂದ ಸತ್ತು ತೇಲುತ್ತಿದ್ದವು.

ಮರಿಗಳಿಗೆ ತೌಡು ಕಲಸಿ ಹುಳಿ ಬರಿಸಲು ಆ ಮನೆಯಲ್ಲೊಂದು ಮಣ್ಣಿನ ಗಡಿಗೆಯಿತ್ತು. ಸುಂಕವ್ವನ ಅತ್ತೆಯ ಕಾಲದಿಂದ ಅದನ್ನು ತೊಳೆದವರಿಲ್ಲ. ಹಳೆಯ ಹುಳಿಯ ಮೇಲೆಯೇ ಹೊಸ ತೌಡು. ಹುಲಿಗೆಮ್ಮ ಮದುವೆಯಾಗಿ ಬಂದವಳೇ ವಾಸನೆಗೆ ಮೂಗು ಮುಚ್ಚಿದ್ದಳು. ಅತ್ತೆ ಮೆಚ್ಚಲಿ ಎಂದು ಸೋಪಿನ ಪುಡಿ ಹಾಕಿ ತಿಕ್ಕಿ, ಕುದಿನೀರು ಸುರಿದು, ಬಿಸಿಲಿಗೆ ಬೋರಲು ಹಾಕಿದಳು. ಒಳಗಿದ್ದ ನಮ್ಮವರೆಲ್ಲ ಸತ್ತರು. ಆಮೇಲೆ ಹಾಕಿದ ತೌಡು ಹುಳಿಯಾಗದೆ ಕೊಳೆಯಿತು. ಅದನ್ನು ತಿಂದ ಮರಿಗಳಿಗೆ ರೋಗ ಹತ್ತಿತು.

“ಗಡಿಗಿ ಬೆಳಗಿ ಮೀನ ಕೊಂದಿ. ನಾಳಿ ನನ್ನೂ ಬೆಳಗ್ತಿ ಏನು?” ಎಂದ ಪಂಪಣ್ಣ. “ಹೊಂಡಕ್ಕ ಬ್ಲೀಚಿಂಗ್ ಪುಡಿ ಸುರುವಿಬಿಡ್ತೀನಿ. ಉಳಿದ್ವೂ ಹೋಗ್ಲಿ.”

“ನಿನ್ನ ಬೆಳಗಾಕ ಒಂದು ಗಾಡಿ ಬೂದಿ ಬೇಕಲೇ,” ಎಂದಳು ಸುಂಕವ್ವ. “ಎಂಟು ದಿನ ತಡಿ.”

“ನನ್ನಿಂದ್ಲೇ ಆತಲ್ಲ ಅತ್ತಿ.”

“ತೊಳೀಬ್ಯಾಡ ಅಂತ ನಾನೂ ಹೇಳಿರಲಿಲ್ಲ, ಯವ್ವಾ. ಕೂಡು. ಕೈ ಹಚ್ಚು.”

ಸುಂಕವ್ವ ಸೊಸೆಯ ಕೈಯಿಂದಲೇ ಆ ರೋಹುವಿನ ಕರುಳನ್ನು ಉಗುರುಬೆಚ್ಚನೆಯ ತೌಡಿನ ನೀರಿಗೆ ಹಿಂಡಿಸಿದಳು. ಹಾಗೆ ನಾನು ಗಡಿಗೆ ಸೇರಿದೆ. ಅಲ್ಲಿ ಉಣ್ಣಲು ಬೇಕಾದಷ್ಟಿತ್ತು. ನಾನು ಇಬ್ಬರಾದೆ, ನಾಲ್ವರಾದೆ. ಮತ್ತೆ ಎಣಿಕೆ ತಪ್ಪಿತು. ಎರಡನೆಯ ದಿನ ಮುಚ್ಚಳ ತೆಗೆದ ಹುಲಿಗೆಮ್ಮ ಈ ಸಲ ಮೂಗು ಮುಚ್ಚಲಿಲ್ಲ. “ಹುಳಿ ಬಂತ್ರಿ ಅತ್ತಿ!” ಎಂದಳು.

ಆ ತೌಡಿನ ಜೊತೆ ಹೊಂಡಕ್ಕಿಳಿದು ಮರಿಗಳ ಕರುಳು ಸೇರಿದೆವು. ಸತ್ತ ಮರಿಗಳು ಮೊದಲ ದಿನ ಒಂದು ಬುಟ್ಟಿ. ಮರುದಿನ ಒಂದು ಮೊರ. ಎಂಟನೆಯ ದಿನ ಒಂದು ಬೊಗಸೆಯಷ್ಟೂ ಇರಲಿಲ್ಲ. ಪಂಪಣ್ಣ ದಡಕ್ಕೆ ತಂದಿಟ್ಟಿದ್ದ ಬ್ಲೀಚಿಂಗ್ ಪುಡಿಯ ಚೀಲವನ್ನು ಬಿಚ್ಚದೆ ಮನೆಗೆ ಹೊತ್ತುಕೊಂಡು ಹೋದ. ಅಷ್ಟರಲ್ಲಿ ಅರ್ಧದಷ್ಟು ಮರಿಗಳು ಹೋಗಿದ್ದವು. ಅವು ತಿರುಗಿ ಬರಲಿಲ್ಲ.

ನಾನೀಗ ಹೊಂಡದ ತಳದ ಕೆಸರಿನಲ್ಲಿದ್ದೇನೆ. ಒಡೆಯುವ ಕಸುವು ಮುಗಿದಿದೆ. ಅವತ್ತು ಎರಡಾದವರಲ್ಲಿ ನಾನು ಯಾರು, ನನ್ನ ಮಗಳು ಯಾರು ಎಂದು ಯೋಚಿಸುತ್ತೇನೆ. ತಿಳಿಯುವುದಿಲ್ಲ.

ಮೊನ್ನೆ ಸುಂಕವ್ವ ತೀರಿಕೊಂಡಳು. ಸೂತಕ ಕಳೆಯಲು ಮನೆಯ ಮಣ್ಣಿನ ಗಡಿಗೆಗಳನ್ನೆಲ್ಲ ಹೊರಗೆ ಹಾಕಿ ಒಡೆದರು. ಹಳೆಯ ಗಡಿಗೆಯೂ ಹೋಯಿತು. ನಮ್ಮ ಕುಲ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಇವತ್ತು ಹುಲಿಗೆಮ್ಮ ಒಬ್ಬಳೇ ಹೊಂಡಕ್ಕೆ ಬಂದಳು. ಸೊಂಟದ ಮೇಲೆ ಕೆಂಪನೆಯ ಹೊಸ ಗಡಿಗೆ. ಅವಳು ಸುರಿದ ತೌಡು ನೀರಿನಲ್ಲಿ ಇಳಿಯುತ್ತಾ ಇಳಿಯುತ್ತಾ ನನ್ನವರೆಗೆ ಬಂತು. ಅದೇ ಹುಳಿ. ಒಡೆಯುವ ಮೊದಲು, ಹಳೆಯದರ ತಳದಿಂದ ಅವಳು ಒಂದು ಹಿಡಿ ತೆಗೆದಿಟ್ಟುಕೊಂಡಿದ್ದಳು.