ತಿಂದೆ ಕಣಪ್ಪಾ

ದಿಲ್ಲಿ ಹತ್ತಿರದ ಮಾನೇಸರಿನ ಒಂದು ಕಾರ್ಖಾನೆಯಲ್ಲಿ ಕಾರಿನ ಭಾಗಗಳಿಗೆ ಬಣ್ಣ ಹಚ್ಚಿ ಒಣಗಿಸುವ ದೊಡ್ಡ ಓವನ್ ಇತ್ತು. ಅದರ ಬಿಸಿಯನ್ನು ಹಿಡಿತದಲ್ಲಿಡುವುದು ನನ್ನ ಗಂಡ ಗುರುರಾಜರ ಕೆಲಸ. "ಬಿಸಿ ಮಾಡೋದು ದೊಡ್ಡದಲ್ಲ ಸುಮಿತ್ರಾ. ಎಷ್ಟು ಬಿಸಿಯಾಗಿದೆ ಅಂತ ಓವನ್‌ನಿಂದಲೇ ತಿಳ್ಕೊಂಡು, ಅದಕ್ಕೆ ತಕ್ಕ ಹಾಗೆ ಗ್ಯಾಸ್ ಏರಿಸಿ ಇಳಿಸೋದೇ ವಿದ್ಯೆ. ಫೀಡ್‌ಬ್ಯಾಕ್ ಅಂದ್ರೆ ಅದೇ" ಎಂದು ಮದುವೆಯಾದ ಹೊಸದರಲ್ಲೇ ನನಗೆ ಪಾಠ ಮಾಡಿದ್ದರು. ಹೊಸ ಹೆಂಡತಿಗೆ ಮಲ್ಲಿಗೆ ತರುವ ಬದಲು ಇಂಥದ್ದನ್ನು ತರುವ ಪುಣ್ಯಾತ್ಮರು ಇವರೊಬ್ಬರೇ ಇರಬೇಕು.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ನಮ್ಮ ಅತ್ತೆ ಇಂದಿರಮ್ಮನವರಿಗೆ ಟೈಫಾಯಿಡ್ ಬಂತು. ಜ್ವರ ಬಿಟ್ಟರೂ ಹಸಿವು ಮರಳಲಿಲ್ಲ. ವಾರ ವಾರ ತೂಕ ಇಳಿಯಿತು. ಕಾಲೊನಿಯ ಡಾಕ್ಟರು, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಿ ಉಣಿಸಬೇಕಾಗುತ್ತದೆ, ಈ ವಯಸ್ಸಿಗೆ ಅದು ಒಳ್ಳೆಯದಲ್ಲ ಎಂದರು. ನಮ್ಮವರ ಮುಖ ಸುಣ್ಣವಾಯಿತು. ಅಪ್ಪ ಹೋದ ಮೇಲೆ ಇವರಿಗೆ ಅಮ್ಮನೇ ಎಲ್ಲ.

ಅವತ್ತಿನಿಂದ ಶುರುವಾಯಿತು ನೋಡಿ. ಬೆಳಿಗ್ಗೆ ನಾನು ಇಡ್ಲಿ ಮಾಡಿ, ಮಧ್ಯಾಹ್ನಕ್ಕೂ ಮುಚ್ಚಿಟ್ಟು ಆಫೀಸಿಗೆ ಹೋಗುತ್ತಿದ್ದೆ. ಮಾನೇಸರಿನಿಂದ ಗಂಟೆಗೊಂದು ಫೋನು. "ತಿಂದ್ಯಾ ಅಮ್ಮ?" "ತಿಂದೆ ಕಣಪ್ಪಾ." "ಎಷ್ಟು?" "ನೀನು ಹೇಳಿದಷ್ಟೂ." ಒಮ್ಮೆ ಬಾಯಿತಪ್ಪಿ "ಸ್ವಲ್ಪ" ಎಂದುಬಿಟ್ಟಿದ್ದಕ್ಕೆ ಇವರು ಅರ್ಧ ದಿನ ರಜೆ ಹಾಕಿ ಓಡಿ ಬಂದು, ಗಂಜಿ ಬಟ್ಟಲು ಹಿಡಿದು ಎದುರು ಕೂತಿದ್ದರು. ಅತ್ತೆ ಅಷ್ಟನ್ನೂ ಕುಡಿದು ಅಷ್ಟನ್ನೂ ಕಕ್ಕಿದರು. ಮತ್ತೆಂದೂ ಅವರ ಬಾಯಲ್ಲಿ "ಸ್ವಲ್ಪ" ಬರಲಿಲ್ಲ.

ಇಷ್ಟು ತಿಂದರೂ ಇಳಿಯುತ್ತಿದ್ದಾರಲ್ಲ, ಮೈಗೆ ಹತ್ತುತ್ತಿಲ್ಲ ಎಂದು ಡಾಕ್ಟರು ಹೊಸ ಮಾತ್ರೆ ಕೊಟ್ಟರು. ಆಮೇಲೆ ಅದನ್ನೇ ಇನ್ನೂ ಜೋರು ಮಾಡಿದರು. ತೂಕ ಮತ್ತೂ ಇಳಿಯಿತು.

ಆ ವಾರವೇ ಕಾರ್ಖಾನೆಯಲ್ಲಿ ಒಂದು ಎಡವಟ್ಟಾಯಿತು. ಓವನ್ ಒಳಗಿನ ಬಿಸಿ ಅಳೆಯುವ ಕಡ್ಡಿ ಸಡಿಲವಾಗಿ ಹೊರಕ್ಕೆ ಜಾರಿತ್ತು. ಅದು ಹೊರಗಿನ ಗಾಳಿಯ ಬಿಸಿಯನ್ನು ತೋರಿಸುತ್ತ ಹೋಯಿತು. ಯಂತ್ರ ಅದನ್ನೇ ನಂಬಿ ಗ್ಯಾಸ್ ಏರಿಸುತ್ತ ಹೋಯಿತು. ಬಣ್ಣವೆಲ್ಲ ಸುಟ್ಟು ಕರಕಲು. "ಯಂತ್ರದ ತಪ್ಪಿಲ್ಲ, ಓವನ್ ತಪ್ಪೂ ಇಲ್ಲ" ಎಂದು ಇವರು ಊಟ ಮಾಡುತ್ತ ಹೇಳಿದರು. "ಸುದ್ದಿ ಸುಳ್ಳಾದ್ರೆ, ಎಷ್ಟು ನಿಯತ್ತಿನಿಂದ ದುಡಿದ್ರೂ ಅಷ್ಟೂ ಕೆಡಿಸ್ತೀವಿ." ಅತ್ತೆ ತಲೆ ತಗ್ಗಿಸಿ ಸಾರನ್ನ ಕಲಸುತ್ತಿದ್ದರು.

ಎರಡು ದಿನ ಬಿಟ್ಟು ತಲೆನೋವೆಂದು ನಾನು ಆಫೀಸಿನಿಂದ ಬೇಗ ಬಂದೆ. ಅತ್ತೆ ಬಾಲ್ಕನಿಯ ಬಿಸಿಲಿನಲ್ಲಿ ಕೂತು, ಇಡ್ಲಿ ಮುರಿದು ಮುರಿದು ಪಾರಿವಾಳಗಳಿಗೆ ಹಾಕುತ್ತಿದ್ದರು. ಪಾರಿವಾಳಗಳು ಹೆದರುವುದನ್ನೂ ಮರೆತು ತಿಂದು ಕೊಬ್ಬಿದ್ದವು. ನನಗೆ ಮೈ ಉರಿಯಿತು. ಐದಕ್ಕೆ ಎದ್ದು ಬೇಯಿಸಿದವಳು ನಾನು.

"ಎಷ್ಟು ದಿನದಿಂದ ಅತ್ತೆ?"

ಅವರು ಸೆರಗಿಗೆ ಕೈ ಒರೆಸಿಕೊಂಡರು. "ತಟ್ಟೇಲಿ ಬಿಡಬಾರದು ಅಂತಲ್ವೇನೇ ನಮ್ಮಲ್ಲಿ. ಬಿಸಾಡಿದ್ರೆ ಪಾಪ, ಪಕ್ಷಿಗಾದ್ರೆ ಪುಣ್ಯ."

"ಅವರಿಗೆ ನಿಜ ಹೇಳಬಹುದಿತ್ತಲ್ಲ."

"ಹ್ಯಾಗೆ ಹೇಳ್ಲಿ? ಸೇರ್ತಿಲ್ಲ ಅಂದ್ರೆ ಅವನ ಧ್ವನಿ ನಡುಗುತ್ತೆ ಕಣೇ. ತಿಂದೆ ಅಂದ್ರೆ ಪಾಪ, ಆ ಒಂದು ಗಂಟೆಯಾದ್ರೂ ಹಾಯಾಗಿರ್ತಾನೆ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆ ಮೂಳೆ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ಸಂಜೆ ಇವರಿಗೆ ಹೇಳಿದೆ. ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ನಾಳೆಯಿಂದ ರಜೆ ಹಾಕ್ತೀನಿ. ನಾನೇ ಎದುರು ಕೂತು ತಿನ್ನಿಸ್ತೀನಿ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದು ಸತ್ತಿತಂತೆ. "ಕಡ್ಡಿ ಜಾರಿದೆ ಅಂತ ಗೊತ್ತಾದ ಮೇಲೂ ಗ್ಯಾಸ್ ಏರಿಸ್ತೀರಾ?" ಎಂದೆ. "ಅಮ್ಮ ಸುಳ್ಳು ಹೇಳಿದ್ದಲ್ಲ ರೀ. ನಿಮಗೆ ನಿಜ ಕೇಳೋ ಶಕ್ತಿ ಇಲ್ಲ. ಬೇಡ ಅಂತ ಅವರು ಅಂದಾಗ ನೀವು ಸುಮ್ಮನಿದ್ದಿದ್ದು ಒಂದು ಸಲ ಹೇಳಿ."

ಇವರು ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ, "ನಾನೇ ಹೆದರಿಸಿಬಿಟ್ಟೆ" ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಮರುದಿನ ಡಾಕ್ಟರ ಎದುರು ಅತ್ತೆ ತಾವೇ ನಿಜ ಒಪ್ಪಿಕೊಂಡರು. ಅವರಿಗೆ ಬಂದಷ್ಟು ಹಿಂದಿಯಲ್ಲಿ, ಪಾರಿವಾಳಕ್ಕೆ ಕಬೂತರ್ ಎಂಬ ಮಾತು ಮಾತ್ರ ಸ್ಪಷ್ಟವಾಗಿ. ಡಾಕ್ಟರು ನಗಲಿಲ್ಲ. ತಿನ್ನುತ್ತಲೇ ಇಲ್ಲದವರಿಗೆ ಈ ಮಾತ್ರೆ ಹೊಟ್ಟೆ ಕೆಡಿಸಿ, ಇದ್ದ ಹಸಿವನ್ನೂ ಕೊಲ್ಲುತ್ತದೆ ಎಂದು ನಿಲ್ಲಿಸಿದರು. ಹಸಿವು ಮರಳಲು ಸಮಯ ಬೇಕು, ಯಾರೂ ಪೀಡಿಸಬೇಡಿ ಎಂದು ಇವರ ಮುಖ ನೋಡಿಯೇ ಹೇಳಿದರು.

ಕಾಯುವುದು ಇವರಿಗೆ ನರಕವಾಯಿತು. ಫೋನು ದಿನಕ್ಕೊಂದಕ್ಕೆ ಇಳಿಯಿತು. ಅದರಲ್ಲೂ ಹವಾಮಾನದ ಮಾತು. ಮೊದಲ ವಾರ ತೂಕ ಇನ್ನೂ ಕೊಂಚ ಇಳಿಯಿತು. ರಾತ್ರಿ ಇವರು ಮಗ್ಗುಲು ಬದಲಿಸುವುದು ನನಗೆ ಕೇಳುತ್ತಿತ್ತು. ಎರಡನೆಯ ವಾರ ತಕ್ಕಡಿಯ ಮುಳ್ಳು ಹಿಂದಿನ ಜಾಗದಲ್ಲೇ ನಿಂತಿತು. ಏರಿರಲಿಲ್ಲ, ಇಳಿದೂ ಇರಲಿಲ್ಲ.

ಆದರೂ ಅತ್ತೆ ನಿಜವನ್ನು ನನಗೆ ಹೇಳುತ್ತಿದ್ದರೇ ಹೊರತು ಮಗನಿಗಲ್ಲ. ಆ ಭಾನುವಾರ ಮೂವರೂ ಒಟ್ಟಿಗೆ ತಿಂಡಿಗೆ ಕೂತೆವು. ಅತ್ತೆಯ ತಟ್ಟೆಯಲ್ಲಿ ಎರಡು ಇಡ್ಲಿ. ಒಂದೂವರೆ ತಿಂದು ಅವರ ಕೈ ನಿಂತಿತು. ಬಾಲ್ಕನಿಯ ಕಡೆ ನೋಡಿದರು, ಮಗನ ಕಡೆ ನೋಡಿದರು.

"ಇದು ಸೇರಲ್ಲ ಕಣೋ ಗುರು" ಎಂದರು. ಧ್ವನಿ ಸಣ್ಣಗಿತ್ತು.

ಇವರು ಇನ್ನೊಂದು ಚೂರು ಎನ್ನುತ್ತಾರೆಂದೇ ನಾನು ಅಂದುಕೊಂಡೆ. ಇವರು ಕೈ ಚಾಚಿ, ಅಮ್ಮನ ತಟ್ಟೆಯ ಅರ್ಧ ಇಡ್ಲಿ ಎತ್ತಿ ತಮ್ಮ ಬಾಯಿಗೆ ಹಾಕಿಕೊಂಡರು.

"ಅಯ್ಯೋ, ಎಂಜಲು ಕಣೋ" ಎಂದರು ಅತ್ತೆ.

"ಹೂಂ" ಎಂದರು ಇವರು, ಅಗಿಯುತ್ತ. ಕಣ್ಣು ತುಂಬಿತ್ತು. "ನಾಳೆ ಎಷ್ಟು ಹಾಕ್ಲಿ ಅಮ್ಮ?"

ಅತ್ತೆ ಯೋಚಿಸಿದರು. ಮೂರು ತಿಂಗಳಲ್ಲಿ ಮೊದಲ ಸಲ, ಮಗನ ಮುಖ ನೋಡದೆ, ತಮ್ಮ ಹೊಟ್ಟೆಯನ್ನು ಕೇಳಿ ಯೋಚಿಸಿದರು.

"ಒಂದೂವರೆ" ಎಂದರು.