ಪೂಜೆಗಿಟ್ಟ ಪಿಯಾನೊ

ಪಿಯಾನೊದ ಬಿಳಿ ಪಟ್ಟಿಗಳ ಮೇಲೆ ಒದ್ದೆ ಬಟ್ಟೆಯನ್ನು ತೇಲಿಸಿದ ಹಾಗೆ ಒರೆಸುತ್ತಿದ್ದೆ. ಸ್ವಲ್ಪ ಒತ್ತಿದರೂ ಸದ್ದಾಗುತ್ತದೆ. ಯಶ್ಮಿತಾ ಪಕ್ಕದಲ್ಲಿ ನಿಂತು ಕಪ್ಪು ಪಟ್ಟಿಗಳ ಸಂದಿನ ಧೂಳು ತೆಗೆಯುತ್ತಿದ್ದಳು. ಮಾತಾಡಿಸಿದ್ದರೆ ಅವಳು ಅತ್ತುಬಿಡುತ್ತಿದ್ದಳು. ಮರುದಿನ ಬೆಳಿಗ್ಗೆ ಪಿಯಾನೊ ಒಯ್ಯಲು ಟೆಂಪೊ ಬರುವುದಿತ್ತು.

ಮರಾಠಿ ಊರು ಹಡಪಸರದಲ್ಲಿರುವ ಅವಳ ತಂದೆ ಮೋಹನದಾಸರ ಹೋಟೆಲಿನಲ್ಲಿ ನನ್ನ ಅವ್ವ ಸಕ್ಕುಬಾಯಿ ತರಕಾರಿ ಹೆಚ್ಚುತ್ತಾಳೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ. ಯಶ್ಮಿತಾ ನನ್ನದೇ ವಯಸ್ಸಿನವಳು, ಚಿಕ್ಕಂದಿನ ಗೆಳತಿ. ಅವಳಿಗೆ ಕಲಿಸಿದ ಟೀಚರು ಊರು ಬಿಡುವಾಗ ತಮ್ಮ ಪಿಯಾನೊವನ್ನು ಅವಳಿಗೇ ಕೊಟ್ಟುಹೋಗಿದ್ದರು. ಅದು ಹೋಟೆಲಿನ ಮಹಡಿಯ ಮೂಲೆ ಸೇರಿತ್ತು. ಕೆಳಗೆ ಗಲ್ಲಾದಲ್ಲಿ ಕೂತ ಮೋಹನದಾಸರಿಗೆ ಗ್ರೈಂಡರಿನ ಗದ್ದಲದ ನಡುವೆ ಕೇಳಿಸಿದ್ದು ಅವಳ ಅಭ್ಯಾಸದ ತುಣುಕುಗಳು ಮಾತ್ರ. “ಒಂದೇ ಕಡೆ ಬಡಿಯುವುದಕ್ಕೆ ಎರಡು ಟೇಬಲಿನ ಜಾಗ ಯಾಕೆ?” ಎಂದು ಮಾರಲು ಒಪ್ಪಿಬಿಟ್ಟಿದ್ದರು.

“ಪಪ್ಪಾ, ಒಂದು ಸಲ ಪೂರ್ತಿ ಕೇಳಿ. ಆಮೇಲೂ ಬೇಡ ಅನ್ನಿಸಿದರೆ ಕೊಡಿ,” ಎಂದು ಅವಳು ಬೇಡಿಕೊಂಡಿದ್ದಳು. ಹೋಟೆಲು ಸುಮ್ಮನಿರುವುದು ಆಯುಧಪೂಜೆಯ ಮಧ್ಯಾಹ್ನ. ಅವತ್ತು ಕೇಳುತ್ತೇನೆ ಎಂದು ಅವರು ಮಾತು ಕೊಟ್ಟರು.

ಮಾತು ಕೊಡುವಾಗ ಒಂದು ಸಂಗತಿ ಯಾರಿಗೂ ಹೊಳೆಯಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ನಾವು ಒರೆಸಿ ಮುಗಿಸುವಷ್ಟರಲ್ಲಿ ಯಶ್ಮಿತಾಳ ಅಮ್ಮ ಲೀಲಾಕ್ಷಿಯವರು ಹರಿವಾಣ ಹಿಡಿದು ಬಂದರು. ಗ್ರೈಂಡರು, ದೋಸೆ ಕಾವಲಿ, ಕಾಫಿ ಫಿಲ್ಟರು ಆದ ಮೇಲೆ, ಪ್ರತಿ ವರ್ಷದ ಹಾಗೆ ಪಿಯಾನೊಕ್ಕೂ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಆರತಿ ಎತ್ತಿದರು. ಊಟ ಮುಗಿಸಿ ಎಲ್ಲರೂ ಮೇಲೆ ಬಂದಾಗ ಯಶ್ಮಿತಾ ಮುಚ್ಚಳಕ್ಕೆ ಕೈ ಹಾಕಿದಳು.

“ಮುಟ್ಟಬೇಡ. ಪೂಜೆಗೆ ಇಟ್ಟದ್ದನ್ನು ನಾಳೆ ಬೆಳಿಗ್ಗೆವರೆಗೆ ಉಪಯೋಗಿಸಲಿಕ್ಕಿಲ್ಲ,” ಎಂದರು ಲೀಲಾಕ್ಷಿಯವರು.

“ಬೆಳಿಗ್ಗೆ ಟೆಂಪೊ ಬರ್ತದಲ್ಲ ಅಮ್ಮ.”

“ಅದಕ್ಕೆ ನಾನು ಎಂತ ಮಾಡುವುದು?”

ಮೋಹನದಾಸರು ಬೀಗದ ಕೈ ಗೊಂಚಲು ತಿರುಗಿಸುತ್ತ ಮೆಟ್ಟಿಲ ಕಡೆ ನೋಡಿದರು. ಹೊರಟೇಬಿಡುತ್ತಾರೆ ಎನಿಸಿತು. ದೊಡ್ಡವರೆದುರು ನನ್ನ ಬಾಯಿ ಏಳುವುದಿಲ್ಲ. ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅಕ್ಕಾರ, ಇಲ್ಲಿ ಗಣಪತಿ ಕಳಸೋ ಮುಂದ ಅಕ್ಷತಿ ಹಾಕಿ ಒಂದೀಟು ಜರಗಸ್ತಾರಲ್ರಿ. ಅಲ್ಲಿಗಿ ಪೂಜಿ ಮುಗದಂಗ. ಇದಕ್ಕೂ ಹಂಗ ಮಾಡ್ರಿ ಅಂತಾಳ ನಮ್ಮ ಶೀತಲ.”

ದೋಸೆ ಹಾಕುವ ರಾಜೀವಣ್ಣ ನಕ್ಕ. “ಗಣಪತಿಗೆ ಗಾಲಿ ಇಲ್ಲ, ಇದಕ್ಕೆ ಉಂಟು. ಸುಲಭದ ದೇವರು ಅಕ್ಕ.”

ಲೀಲಾಕ್ಷಿಯವರಿಗೂ ನಗು ತಡೆಯಲಾಗಲಿಲ್ಲ. ಅಕ್ಷತೆ ಹಾಕಿ ಕೈಮುಗಿದು, “ತಳ್ಳಿ,” ಎಂದರು. ತಳ್ಳಿದೆವು. ನಾನು ಪಿಯಾನೊದ ಪಕ್ಕದ ಹಲಗೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಯಶ್ಮಿತಾ ಮಾಲೆ ಸರಿಸಿ, ಮುಚ್ಚಳ ತೆಗೆದು ನುಡಿಸಲು ಶುರುಮಾಡಿದಳು. ಎಡಗೈ ನಿಧಾನಕ್ಕೆ ಒಂದೇ ನಡಿಗೆಯಲ್ಲಿ ಹೊರಟಿತು. ಬಲಗೈ ಅದರಿಂದ ದೂರ ಹೋಗಿ, ತಡೆದು, ಮತ್ತೆ ಬಂದು ಕೂಡಿಕೊಂಡಿತು. ಅವಳು ಬಾಯಿಂದ ಉಸಿರಾಡುತ್ತಿದ್ದಳು. ದೊಡ್ಡ ಸದ್ದು ಬರುವ ಮುಂಚೆ ಹೆಗಲು ಸಣ್ಣಗೆ ಏಳುತ್ತಿತ್ತು. ಅಷ್ಟು ವರ್ಷ ಬಿಡಿಬಿಡಿಯಾಗಿ ಕೇಳಿದ ತುಣುಕುಗಳೆಲ್ಲ ಸೇರಿ ಏನಾಗುತ್ತವೆಂದು ಅವತ್ತು ತಿಳಿಯಿತು. ಕಿವಿಗಿಂತ ಮೊದಲು ನನ್ನ ಅಂಗೈಗೆ ಕೇಳಿಸುತ್ತಿತ್ತು. ಇವಳು ನನ್ನ ಗೆಳತಿ ಎಂದು ಕೆಳಗಿನ ರಸ್ತೆಯವರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಈಗ ಅವಳು ಮುಂಬಯಿಯಲ್ಲಿ ದೊಡ್ಡ ಸಭೆಗಳಲ್ಲಿ ನುಡಿಸುತ್ತಾಳೆ. ವಿಡಿಯೊ ಬಂದಾಗ ಹೋಟೆಲಿನವರೆಲ್ಲ ನೋಡುತ್ತೇವೆ. ಅಲ್ಲಿ ಟಿಕೆಟ್ ತೆಗೆದು ಕೂತವರಿಗೆ ಅವಳ ಉಸಿರು ಕೇಳಿಸುವುದಿಲ್ಲ.

ಅವತ್ತು ಕೊನೆಯ ಸ್ವರ ಹಲಗೆಯೊಳಗೆ ಬಹಳ ಹೊತ್ತು ಉಳಿದಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬೇಕೆಂದು ಗೊತ್ತಿರಲಿಲ್ಲ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಯಶ್ಮಿತಾ ತಿರುಗಿ ಅಪ್ಪನ ಮುಖ ನೋಡಲಿಲ್ಲ. ನಾನು ನೋಡಿದೆ.

“ರಾಜೀವ, ಆ ಟೆಂಪೊದವನಿಗೊಂದು ಫೋನು ಮಾಡು,” ಎಂದರು ಮೋಹನದಾಸರು.

ರಾಜೀವಣ್ಣ ಪಿಯಾನೊವನ್ನೇ ನೋಡುತ್ತ ನಿಂತಿದ್ದ.

“ನಾಳೆ ಬರುವುದು ಬೇಡ ಅಂತ ಹೇಳು ಮಾರಾಯ.”